ನೀಲವ್ವನ ಬಸ್ಸಿಗೆ ಪರಪರಿ

ಕೈಗಳಲ್ಲಿ ಎರಡು ಬಗೆ. ಒಂದು, ಏನು ಮುಟ್ಟಿದರೂ ಚಂದ ಮಾಡುವ ಕೈ. ಇನ್ನೊಂದು, ಚಂದ ಇದ್ದದ್ದನ್ನೂ ಮುಟ್ಟಿ ಕೆಡಿಸುವ ಕೈ. ದೇವರು ನನಗೆ ಎರಡನೆಯ ಬಗೆಯದನ್ನು ಜೋಡಿಯಾಗಿಯೇ ದಯಪಾಲಿಸಿದ್ದಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕೈವಾರವಿಲ್ಲದೆ ಹಲಗೆಯ ಮೇಲೆ ವೃತ್ತ ಬರೆದರೆ ಹುಡುಗರು ಬಾಯಿ ತೆರೆದು ನೋಡುತ್ತಾರೆ. ಅದೇ ವೃತ್ತವನ್ನು ಕಾಗದದಲ್ಲಿ ಕತ್ತರಿಸು ಎಂದರೆ ಬದನೆಕಾಯಿ ಬರುತ್ತದೆ. ಸಣ್ಣವಳಿದ್ದಾಗ ಹೊಲಿಗೆಯ ತಾಸಿನಲ್ಲಿ ಕರವಸ್ತ್ರದ ಮೇಲೆ ಗುಲಾಬಿ ಹಾಕಲು ಹೇಳಿದ್ದರು. ತಲೆ ಎತ್ತದೆ, ನಾಲಿಗೆ ಹೊರಗೆ ಚಾಚಿ, ಅತಿ ಶ್ರದ್ಧೆಯಿಂದ ಹಾಕಿದೆ. “ತಾ ಇಲ್ಲೆ, ನೋಡೂಣು” ಎಂದು ಹೊಲಿಗೆ ಕಲಿಸುವ ಬಾಯಾರು ಕರೆದಾಗ ಕರವಸ್ತ್ರ ಹಿಡಿದು ಎದ್ದರೆ, ಅದರ ಹಿಂದೆಯೇ ನಾನು ಉಟ್ಟ ಪರಕಾರವೂ ಎದ್ದು ಬಂತು. ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಗುಲಾಬಿ ಮಾತ್ರ ಬಹಳ ಗಟ್ಟಿಯಾಗಿತ್ತು. ಅದನ್ನು ಬಿಚ್ಚಲು ನಮ್ಮವ್ವನಿಗೆ ಒಂದು ಮಧ್ಯಾಹ್ನವೇ ಬೇಕಾಯಿತು. ಇಂಥ ನಾನು ಇಡೀ ಒಂದು ಬಸ್ಸನ್ನು ಕೈಯಿಂದ ಮಾಡಿದ ಅಲಂಕಾರದಿಂದ ಸಿಂಗರಿಸುವ ಗುತ್ತಿಗೆ ಹಿಡಿದೆ ಎಂದರೆ, ಅದಕ್ಕೆ ಕೈ ಕಾರಣವಲ್ಲ, ಬಾಯಿ ಕಾರಣ.

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮನೆ ಅಣ್ಣಿಗೇರಿಯಲ್ಲಿ. ಯಜಮಾನರದು ಅಲ್ಲೇ ಬೀಜ-ಗೊಬ್ಬರದ ಅಂಗಡಿ. ನನ್ನ ಶಾಲೆ ಶಲವಡಿಯಲ್ಲಿ. ನಡುವೆ ಕಣ್ಣು ಹಾಯುವವರೆಗೆ ಎರೆಹೊಲ, ಹೊಲಗಳ ನಡುವೆ ತಗ್ಗುದಿನ್ನೆಯ ರಸ್ತೆ, ಆ ರಸ್ತೆಯ ಮೇಲೆ ದಿನಾ ಮುಂಜಾನೆ ನಮ್ಮನ್ನು ಕುಲುಕುತ್ತ ಒಯ್ಯುವ ಒಂದು ಬಸ್ಸು. ಅದನ್ನು ಓಡಿಸುವವರು ಇಮಾಮಸಾಬರು. ಆದರೆ ಯಾರೂ ಅದನ್ನು ಇಮಾಮಸಾಬರ ಬಸ್ಸು ಎನ್ನುವುದಿಲ್ಲ. ಅದು ನೀಲವ್ವನ ಬಸ್ಸು. ನೀಲವ್ವ ಅದರ ಕಂಡಕ್ಟರು. ನನ್ನದೇ ವಯಸ್ಸಿನವಳು, ನನಗಿಂತ ಒಂದು ಗೇಣು ಎತ್ತರ, ನನ್ನ ಧ್ವನಿಯನ್ನು ಮೂರರಿಂದ ಗುಣಿಸಿದರೆ ಬರುವಷ್ಟು ಧ್ವನಿ. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರಿಗೆ, “ಏ ಯಪ್ಪಾ, ಬಾಗಲಕ್ಕ ತೋರಣಾ ಆಗಾಕ ಬಂದೀಯೇನ? ಒಳಗ ನಡಿ” ಎಂದು ಕೂಗಿದರೆ ಎಂಜಿನ್ ಸದ್ದು ಕೂಡ ಒಂದು ಕ್ಷಣ ತಗ್ಗುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಮೇಲೆ, “ರೊಕ್ಕಾ ಇಲ್ಲಂದಮ್ಯಾಲ ಚೀಟಿ ಯಾಕ ಬೇ?” ಎನ್ನುವ ಮುದುಕಿಯರಿಗೆ, “ಪುಗಸಟ್ಟೆ ಆದ್ರೂ ಟಿಕೀಟ ಟಿಕೀಟನ ಯಮ್ಮಾ, ಹಿಡಕೋ” ಎಂದು ಸೊನ್ನೆ ಬೆಲೆಯ ಟಿಕೀಟನ್ನು ಅಷ್ಟೇ ಗೌರವದಿಂದ ಕೈಯಲ್ಲಿಡುತ್ತಾಳೆ. ಸಂಜೆ ಮರಳುವಾಗ ನಾನು ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗಿರುತ್ತೇನೆ. “ಅಕ್ಕೋರ, ಮನಿ ಬಂತ, ಏಳ್ರಿ” ಎಂದು ಭುಜ ಅಲುಗಿಸುವವಳು ಅವಳೇ. ನಮ್ಮ ಮನೆಯ ಹತ್ತಿರ ಸ್ಟಾಪು ಇಲ್ಲ. ನೀಲವ್ವ ಇದ್ದಾಳೆ, ಹಾಗಾಗಿ ಬಸ್ಸು ನಿಲ್ಲುತ್ತದೆ.

ಒಂದು ಸೋಮವಾರ ನೀಲವ್ವ ಟಿಕೀಟು ಕೊಡುತ್ತ ಬಂದಳು, ಮಾತೇ ಇಲ್ಲ. ಬಾಗಿಲಲ್ಲಿದ್ದ ಹುಡುಗರನ್ನೂ ಬೈಯಲಿಲ್ಲ. ಬೈಸಿಕೊಳ್ಳದೆ ಅವರಿಗೇ ಗಾಬರಿಯಾಗಿ ತಾವಾಗಿ ಒಳಗೆ ಬಂದು ನಿಂತರು.

“ಯಾಕ ನೀಲವ್ವಾ, ಆರಾಮಿಲ್ಲೇನ?” ಎಂದೆ.

“ವರ್ಗಾ ಮಾಡ್ಯಾರ್ರಿ ಅಕ್ಕೋರ. ಒಂದ ಹಗಲ ದಾರಿ ಐತಿ ಆ ಊರು. ಮುಂದಿನ ವಾರ ಶನಿವಾರ ಇಲ್ಲಿ ಕಡೀ ಡ್ಯೂಟಿ,” ಎಂದಳು. “ಅತ್ತಿ ಹಾಸಿಗಿ ಹಿಡದಾಳ. ಆಕಿನ್ನ ಹೊತಗೊಂಡ ಹೋಗ್ಲ್ಯೋ, ಬಿಟ್ಟ ಹೋಗ್ಲ್ಯೋ, ಒಂದೂ ತಿಳೀವಲ್ದು. ಅರ್ಜಿ ಕೊಟ್ಟೀನಿ. ಆದ್ರ ನಮ್ಮಂಥಾರ ಅರ್ಜಿ ಯಾರ ಓದ್ತಾರ?”

ಅವಳು ಮುಂದೆ ಹೋದದ್ದೇ ತಡ, ನಮ್ಮ ಸೀಟಿನಲ್ಲಿ ತುರ್ತು ಸಭೆ ಕೂಡಿತು. ಸಭೆ ಎಂದರೆ ಮೂರು ಜನ. ನಾನು, ಶಲವಡಿಯ ದವಾಖಾನೆಯಲ್ಲಿ ನರ್ಸ್ ಆಗಿರುವ ರೇಣುಕಾ ಸಿಸ್ಟರ್, ಪಂಚಾಯ್ತಿಯ ಗುಮಾಸ್ತರಾದ ಹಿರೇಮಠರು. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಕುಲುಕಿ ಕುಲುಕಿ ಒಂದೇ ಡಬ್ಬಿಯ ಕಾಳುಗಳಂತಾದವರು. ಬೀಳ್ಕೊಡುಗೆ ಮಾಡಲೇಬೇಕು, ಅದೂ ಓಡುವ ಬಸ್ಸಿನಲ್ಲೇ ಮಾಡಬೇಕು ಎಂಬಲ್ಲಿಗೆ ಒಮ್ಮತವಾಯಿತು. “ಒಂದ ಶಾಲು, ಒಂದ ಹಾರಾ, ಒಂದ ಮಾನಪತ್ರ. ಮಾನಪತ್ರ ನಾ ಬರೀತೀನಿ. ಮುಗೀತಲ್ರಿ?” ಎಂದರು ಹಿರೇಮಠರು. “ಬಸ್ಸಿಗೆ ಒಂದಿಷ್ಟು ಅಲಂಕಾರ ಬ್ಯಾಡೇನ್ರಿ? ಹುಬ್ಬಳ್ಳಿಂದ ಚಮಕಿ ಮಾಲಿ ತರಸೂಣು,” ಎಂದಳು ರೇಣುಕಾ. ಅಲ್ಲಿಗೆ ಸುಮ್ಮನಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನನ್ನ ಬಾಯಿ ಹೇಳಿತು: “ಅಂಗಡಿ ಮಾಲು ಯಾಕ್ರಿ? ನೀಲವ್ವಗ ಕೈಲೆ ಮಾಡಿದ್ದ ಇರಬೇಕು. ನಾ ಮಾಡ್ತೀನಿ.”

ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ಭಯದಿಂದಲ್ಲ, ನಂಬಿದರೆ ನಂಬಿ, ಉತ್ಸಾಹದಿಂದ. ಕಿಟಕಿಯಾಚೆ ಕಡಲೆ ಹೊಲ, ಕುಸುಬೆ ಹೊಲ ಓಡುತ್ತಿದ್ದವು. ನನ್ನ ತಲೆಯಲ್ಲಿ ಬಣ್ಣದ ಕಾಗದ ಓಡುತ್ತಿತ್ತು. ಆ ದಿನ ಒಂಬತ್ತನೆಯ ತರಗತಿಗೆ ತ್ರಿಭುಜ ಕಲಿಸುತ್ತ, ಒಂದು ತ್ರಿಭುಜದ ಬಾಜು ಇನ್ನೊಂದು, ಅದರ ಬಾಜು ಮತ್ತೊಂದು ಎಂದು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬರೆದುಬಿಟ್ಟೆ. “ಟೀಚರ್, ಇದು ಯಾವ ಪ್ರಮೇಯ?” ಎಂದು ಹುಡುಗಿಯೊಬ್ಬಳು ಕೇಳಿದಾಗಲೇ ಅದು ಪ್ರಮೇಯವಲ್ಲ, ಪರಪರಿ ಎಂದು ನನಗೆ ಅರಿವಾದದ್ದು. ಪರಪರಿ ಎಂದರೆ ಹಬ್ಬ-ಮದುವೆಗಳಲ್ಲಿ ಓಣಿಯ ಅಡ್ಡಕ್ಕೆ ಕಟ್ಟುತ್ತೇವಲ್ಲ, ಗಾಳಿಗೆ ಪರಪರ ಎನ್ನುವ ಆ ಬಣ್ಣದ ಕಾಗದದ ಮಾಲೆ.

ನನ್ನ ಯೋಜನೆಯ ಕಳಶ ಮಾತ್ರ ಬೇರೆಯೇ ಇತ್ತು. ನೀಲವ್ವ ಕೊಟ್ಟ ಟಿಕೀಟುಗಳಿಂದಲೇ ಬಿಳಿ ಹೂ ಮಾಡಿ ಆಕೆಗೆ ಹಾರ ಹಾಕಬೇಕು! ಈ ವಿಚಾರ ಹೊಳೆದಾಗ ನಾನು ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮರುದಿನದಿಂದ ಬಸ್ಸಿಳಿಯುವ ಹೆಂಗಸರ ಮುಂದೆ ಕೈಯೊಡ್ಡಿ ನಿಂತು ಟಿಕೀಟು ಬೇಡತೊಡಗಿದೆ. ಒಬ್ಬ ಮುದುಕಿ ಕೊಟ್ಟವಳು ಮತ್ತೆ ಕಸಿದುಕೊಂಡು, “ಇದರಾಗೇನ ಲಾಟ್ರಿ ಐತೇನ್ರಿ ಅಕ್ಕೋರ? ಖರೇ ಹೇಳ್ರಿ,” ಎಂದು ಕಣ್ಣು ಸಣ್ಣ ಮಾಡಿದಳು. ಆಕೆಯ ಕಿವಿಯಲ್ಲಿ ಗುಟ್ಟು ಹೇಳಬೇಕಾಯಿತು. ಗುಟ್ಟು ಕೇಳಿದ ಮುದುಕಿ ಮರುದಿನ ಸೆರಗಿನ ಗಂಟಿನ ತುಂಬ ಟಿಕೀಟು ತಂದಳು. ಹಾದಿಯಲ್ಲಿ ಎಷ್ಟು ಕಿವಿಗಳಿಗೆ ಆ ಗುಟ್ಟು ಹಂಚಿ ಬಂದಿದ್ದಳೋ ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ನಮ್ಮ ಪಡಸಾಲೆ ಕಾರ್ಖಾನೆಯಾಯಿತು. ರೇಣುಕಾ ಬಂದಳು, ಹಿರೇಮಠರು ಬಂದರು. ಮೈದಾಹಿಟ್ಟಿನ ಅಂಟು ಕಾಯಿಸಿಟ್ಟೆ. ಯಜಮಾನರು ಅಂಗಡಿಯಿಂದ ಒಂದು ಉಂಡೆ ಸುತಳಿ ತಂದುಕೊಟ್ಟು, ಕುರ್ಚಿ ಎಳೆದುಕೊಂಡು ಕೂತು, ಪ್ರತಿಯೊಂದಕ್ಕೂ ಒಂದೊಂದು ಅಭಿಪ್ರಾಯ ಕೊಡುವ ಕೆಲಸ ತಾವಾಗಿಯೇ ವಹಿಸಿಕೊಂಡರು. ಟಿಕೀಟುಗಳು ಮುದುಡಿಹೋಗಿದ್ದವು. ಸೆರಗಿನ ಗಂಟು, ರವಿಕೆಯ ತೋಳು, ಎಲೆಅಡಿಕೆಯ ಚೀಲ ಎಲ್ಲ ಕಡೆ ವಾಸ ಮಾಡಿ ಬಂದವು. ಮುದುಡಿದ್ದನ್ನು ಸಾಪು ಮಾಡುವುದು ಹೇಗೆ? ಅದಕ್ಕೇನು, ಇಸ್ತ್ರಿ ಪೆಟ್ಟಿಗೆ ಇದೆಯಲ್ಲ! ಟಿಕೀಟುಗಳನ್ನು ಒಂದರ ಬಾಜು ಒಂದು ಹಾಸಿ, ಚೆನ್ನಾಗಿ ಕಾದ ಇಸ್ತ್ರಿಯನ್ನು ಒಮ್ಮೆ ಭರ್ರನೆ ಎಳೆದೆ. ಎಳೆದ ಹಾದಿಯುದ್ದಕ್ಕೂ ಟಿಕೀಟುಗಳು ಕಾಡಿಗೆಯಷ್ಟು ಕಪ್ಪಗಾದವು. ಸುಟ್ಟವೇ ಎಂದು ಮೂಸಿದರೆ ಸುಟ್ಟ ವಾಸನೆಯಿಲ್ಲ. ಬಟ್ಟೆಯೇನಾದರೂ ಕಪ್ಪು ಹತ್ತಿತೇ ಎಂದು ನೋಡಿದರೆ ಅದೂ ಇಲ್ಲ. ಅನುಮಾನ ಪರಿಹಾರಕ್ಕೆಂದು ಇನ್ನೊಂದು ಸಾಲು ಎಳೆದೆ. ಅದೂ ಕಪ್ಪು.

“ಅಯ್ಯ, ಇದು ಕಾವು ತಾಕಿದ್ರ ಕರ್ರಗಾಗೂ ಕಾಗದ ಅಲ್ರೀ! ಮಷೀನಿನ್ಯಾಗ ಶಾಯಿ ಎಲ್ಲಿರತೈತಿ? ಕಾವಿಲೇನ ಅಕ್ಷರ ಮೂಡೂದು. ನಮ್ಮ ದವಾಖಾನ್ಯಾಗಿನ ಈಸೀಜಿ ಕಾಗದಾನೂ ಹಿಂಗ,” ಎಂದಳು ರೇಣುಕಾ.

“ಮೊದಲ ಹೇಳಬಾರದೇನವಾ?”

“ಟಿಕೀಟಿಗೆ ಇಸ್ತ್ರಿ ಮಾಡಾವ್ರು ಇರ್ತಾರಂತ ನನಗೇನ ಗೊತ್ತಿತ್ರಿ?”

ಯಜಮಾನರು ಕುರ್ಚಿಯಿಂದ ಬಗ್ಗಿ ಒಂದು ಕಪ್ಪು ಟಿಕೀಟು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಕರೇ ಹೂವಿನ ಹಾರಾ ಅಂದ್ರ… ಇದು ವರ್ಗಾ ಆದಾವ್ರಿಗೋ, ಸತ್ತಾವ್ರ ದಿವಸಕ್ಕೋ?” ಎಂದರು. ಅಂದು ಊಟಕ್ಕೆ ಅವರಿಗೆ ಚಟ್ನಿ ಬಡಿಸಲಿಲ್ಲ.

ಪೂರ್ತಿ ಕೈ ಚೆಲ್ಲಿ ಕೂತಿದ್ದೆ. ಆಗ ಹಿರೇಮಠರು, ಮಾನಪತ್ರಕ್ಕೆ ಪದ ಹುಡುಕುತ್ತ ಮಾಡಿನ ಕಡೆ ನೋಡುತ್ತಿದ್ದವರು, ಕೈಯಲ್ಲಿ ಒಂದು ಕಪ್ಪು ಟಿಕೀಟನ್ನು ಸುಮ್ಮನೆ ಉಂಡೆಯಾಗಿ ಸುತ್ತುತ್ತಿದ್ದರು. ಸುತ್ತಿದ ಉಂಡೆ ಹಳದಿ ಕಾಗದದ ಒಂದು ಚೂರಿನ ಮೇಲೆ ಬಿತ್ತು. ಕಪ್ಪು ನಡುವೆ, ಹಳದಿ ಸುತ್ತ. ನಾನೂ ರೇಣುಕಾಳೂ ಒಟ್ಟಿಗೇ ಚೀರಿದೆವು: “ಸೂರ್ಯಪಾನ!”

ಸೂರ್ಯಪಾನ, ಅಂದರೆ ಸೂರ್ಯಕಾಂತಿ, ನಮ್ಮ ಕಡೆಯವರಿಗೆ ಹೊಸದೇ? ಹೊಲ ಹೊಲವೇ ಅರಳಿ ನಿಂತದ್ದನ್ನು ನೋಡಿ ಬೆಳೆದವರು. ನಡುವಿನ ಕಪ್ಪು ಉಂಡೆ ಟಿಕೀಟಿನದು, ಎಸಳು ಹಳದಿ ಕಾಗದದ್ದು. ಇದರಲ್ಲಿ ಇನ್ನೊಂದು ದೊಡ್ಡ ಅನುಕೂಲವಿತ್ತು: ಎಸಳು ಸೊಟ್ಟಗಿದ್ದರೂ ನಡೆಯುತ್ತದೆ, ಹೊಲದಲ್ಲಿಯೂ ಅವು ಸೊಟ್ಟಗೇ ಇರುತ್ತವೆ. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಕತ್ತರಿಗೂ ನಿಸರ್ಗಕ್ಕೂ ಹೊಂದಾಣಿಕೆಯಾಯಿತು. ನಾನು ಕತ್ತರಿಸಿದೆ, ರೇಣುಕಾ ಅಂಟಿಸಿದಳು, ಹಿರೇಮಠರು ಉಂಡೆ ಕಟ್ಟಿದರು. ಉಳಿದ ಬಿಳಿ ಟಿಕೀಟುಗಳಿಗೂ ನಾನೇ ಮುತುವರ್ಜಿಯಿಂದ ಇಸ್ತ್ರಿ ಮಾಡಿದೆ. ಒಂದು ಹೂ ಮುಗಿದರೆ ಗೋಡೆಗೆ ಆನಿಸಿ, ಹಿಂದೆ ಸರಿದು, ತಲೆ ಓರೆ ಮಾಡಿ ನೋಡುವುದು, ಮತ್ತೊಂದು ಮಾಡುವುದು. ಸಂಜೆಯ ಹೊತ್ತಿಗೆ ಪಡಸಾಲೆಯ ತುಂಬ ಸೂರ್ಯಪಾನ. ಯಜಮಾನರು ಕೂಡ ಕುರ್ಚಿ ಬಿಟ್ಟಿಳಿದು ನೆಲಕ್ಕೆ ಕೂತು ಸುತಳಿ ಪೋಣಿಸುತ್ತಿದ್ದರು. “ಗೊಬ್ಬರಾ ಹಾಕಲಾರದ ಇಷ್ಟ ಪೀಕು ಬಂದದ್ದು ಇದ ಮೊದಲು,” ಎಂದರು. ರಾತ್ರಿ ಚಟ್ನಿ ಬಡಿಸಿದೆ.

ಸೋಮವಾರದಿಂದ ಅಕ್ಷರಗಳ ಕೆಲಸ. ‘ಬೀಳ್ಕೊಡುಗೆ’ ಎಂದು ರಟ್ಟಿನಲ್ಲಿ ಕತ್ತರಿಸಿ ಬಸ್ಸಿನ ಒಳಗೆ ಅಡ್ಡಕ್ಕೆ ತೂಗಬಿಡಬೇಕು. ಈ ಶಬ್ದವನ್ನು ಯಾರು ಮಾಡಿದರೋ, ಅವರು ಎಂದೂ ಕತ್ತರಿ ಹಿಡಿದಿರಲಿಕ್ಕಿಲ್ಲ. ‘ಸ್ವಾಗತ’ವಾದರೆ ಹೇಗೋ ಆಗುತ್ತದೆ. ಕಳಿಸುವಾಗ ಮಾತ್ರ ಕನ್ನಡ ಭಾಷೆ ಬಹಳ ಕಷ್ಟಪಡುತ್ತದೆ. ‘ಳ್ಕೊ’ ಕತ್ತರಿಸುವಷ್ಟರಲ್ಲಿ ಮೂರು ಬೂಟಿನ ಡಬ್ಬಿಗಳು ಹಾಳಾದವು. ಒಂದು ಸಲ ಕೊಂಬು ಹರಿಯಿತು, ಒಂದು ಸಲ ಹೊಟ್ಟೆ ಹರಿಯಿತು. ಕೊನೆಗೆ ಒತ್ತಕ್ಷರವನ್ನು ಬೇರೆ ಕತ್ತರಿಸಿ ಕೆಳಗೆ ಅಂಟಿಸಿದೆ. ಅದು ಒಣಗುವ ಮುಂಚೆ ಉದುರುತ್ತಿತ್ತು, ಒಣಗಿದ ಮೇಲೆಯೂ ಉದುರುತ್ತಿತ್ತು.

ಇವನ್ನೆಲ್ಲ ರೇಣುಕಾಳಿಗೆ ತೋರಿಸಲು ಚೀಲದಲ್ಲಿಟ್ಟುಕೊಂಡು ಒಯ್ಯಬೇಕಾದದ್ದು ಯಾವ ಬಸ್ಸಿನಲ್ಲಿ? ನೀಲವ್ವನ ಬಸ್ಸಿನಲ್ಲೇ. ತಗ್ಗಿಗೆ ಬಿದ್ದ ಬಸ್ಸು ಹಾರಿತು, ಚೀಲದ ಬಾಯಿ ತೆರೆಯಿತು, ಕೆಂಪು ಬೇಗಡೆ ಹಚ್ಚಿದ ದೊಡ್ಡ ‘ಬೀ’ ಜಾರಿ ಸರಿಯಾಗಿ ನೀಲವ್ವನ ಕಾಲಬುಡಕ್ಕೆ ಹೋಗಿ ನಿಂತಿತು. ನೀಲವ್ವ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನ್ರೀ ಅಕ್ಕೋರ ಇದು, ಬೀ?”

ರೇಣುಕಾ ಕಿಟಕಿಯ ಹೊರಗೆ ನೋಡತೊಡಗಿದಳು. ಹಿರೇಮಠರಿಗೆ ಹಠಾತ್ತನೆ ಕೆಮ್ಮು ಬಂತು.

“ಬೀಜಗಣಿತ,” ಎಂದೆ.

“ಹೌದೇನ್ರಿ?” ನೀಲವ್ವ ಅಕ್ಷರವನ್ನು ಸೆರಗಿನಿಂದ ಒರೆಸಿ ನನ್ನ ತೊಡೆಯ ಮೇಲಿಟ್ಟಳು. “ನಮಗ ಇಷ್ಟ ದೊಡ್ಡ ಅಕ್ಷರದಾಗ ಇಷ್ಟ ಚಂದ ಕಲಿಸಿದ್ರ ನಾನೂ ಪಾಸಾಗ್ತಿದ್ನಿ ನೋಡ್ರಿ. ಅದರಾಗ ಹೋತ್ರಿ ನಂದು.” ಪುಣ್ಯಾತ್ಗಿತ್ತಿಗೆ ಸುಳ್ಳು ಹೇಳಿದೆನಲ್ಲ ಎಂದು ಕೆಡುಕೆನಿಸಿತು. ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚಾಗಿ ‘ಇಷ್ಟ ಚಂದ’ ಎಂಬ ಮಾತೇ ಸಂಜೆಯವರೆಗೆ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಶನಿವಾರ ಬಂತು. ಮುಂಜಾನೆ ಶಾಲೆ, ಮುಂಜಾನೆಯದೇ ಬಸ್ಸು. ಇಮಾಮಸಾಬರಿಗೆ ಮೊದಲೇ ಹೇಳಿಟ್ಟಿದ್ದೆವು; ನೀಲವ್ವ ಕಂಟ್ರೋಲರ್ ಕಡೆ ಸಹಿ ಮಾಡಲು ಹೋದಾಗ ಚಹಾ ನೆವದಲ್ಲಿ ಅವಳನ್ನು ಅಲ್ಲೇ ತಡೆದಿಡಬೇಕು. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿದ್ದೇ ನಾವು ನುಗ್ಗಿದೆವು. ನಾವು ಮೂವರೇ ಎಂದುಕೊಂಡಿದ್ದೆ. ಹತ್ತಿದವರೆಲ್ಲ ಕೈಹಚ್ಚಿದರು! ಮುದುಕಿಯ ಬಾಯಿಂದ ಹೊರಟ ಗುಟ್ಟು ಎಲ್ಲರನ್ನೂ ಮುಟ್ಟಿತ್ತು. ಕಾಲೇಜು ಹುಡುಗರು ಸೀಟು ಹತ್ತಿ ಈ ಸರಳಿನಿಂದ ಆ ಸರಳಿಗೆ ಪರಪರಿ ಕಟ್ಟಿದರು. ಹೆಂಗಸರು ಕಿಟಕಿಗೊಂದರಂತೆ ಸೂರ್ಯಪಾನ ಸಿಗಿಸಿದರು. ರೇಣುಕಾ ತಂದದ್ದು ನನಗೂ ಗೊತ್ತಿರಲಿಲ್ಲ. ತಾರೀಕು ಮುಗಿದು ಎಸೆಯಬೇಕಾದ ರಬ್ಬರಿನ ಕೈಗವಸುಗಳನ್ನು ಊದಿ ಊದಿ ಬಲೂನಿನಂಥ ಬುಗ್ಗೆ ಮಾಡಿ ತಂದಿದ್ದಳು. ಐದೈದು ಬೆರಳಿನ ಬಿಳಿ ಬುಗ್ಗೆಗಳು, ಅಂಗೈಯ ಮೇಲೆ ಕೆಂಪು ಶಾಯಿಯ ಮೆಹಂದಿ. ಸರಳಿಗೆ ಕಟ್ಟಿದ ಕೂಡಲೇ ಗಾಳಿಗೆ ಅವೆಲ್ಲ ಒಟ್ಟಾಗಿ ಟಾಟಾ ಮಾಡತೊಡಗಿದವು. ‘ಬೀಳ್ಕೊಡುಗೆ’ಯ ಒತ್ತು ಕಟ್ಟುವಾಗಲೇ ಉದುರಿ ‘ಬೀಳೊಡುಗೆ’ ಆಯಿತು. ಹೋಗಲಿ, ಅರ್ಥ ಗೊತ್ತಾದರೆ ಸಾಕು ಎಂದರು ಹಿರೇಮಠರು. ನಾನು ಮೆಟ್ಟಿಲ ಬಳಿ ನಿಂತು ಒಳಗೆ ನೋಡಿದೆ. ಹಳೆಯ ಬಸ್ಸು ಗುರುತೇ ಹತ್ತದಂತೆ ಹಳದಿ, ಕೆಂಪು, ಹಸಿರಾಗಿ ತೂಗುತ್ತಿತ್ತು. ನನ್ನ ಕೈ! ಈ ಕೈ! ನೀಲವ್ವ ಬರಬೇಕು, ನೋಡಬೇಕು, ಅಳಬೇಕು. ಅವಳು ಅಳುವಾಗ ಕೊಡಲೆಂದು ಕರವಸ್ತ್ರವನ್ನೂ ಇಟ್ಟುಕೊಂಡಿದ್ದೆ. ಈ ಸಲದ್ದು ಅಂಗಡಿಯದು.

ನೀಲವ್ವ ಬಂದಳು. ನಡೆದು ಬರಲಿಲ್ಲ, ಓಡಿ ಬಂದಳು. ಒಂದು ಕೈಯಲ್ಲಿ ಟಿಕೀಟಿನ ಮಷೀನು, ಇನ್ನೊಂದರಲ್ಲಿ ಮೊಬೈಲು. ಮೆಟ್ಟಿಲ ಬಳಿ ನಿಂತಿದ್ದ ನನ್ನ ಎರಡೂ ತೋಳು ಹಿಡಿದು ಗಿರ್ರನೆ ತಿರುಗಿಸಿದಳು.

“ಅಕ್ಕೋರಽ! ರದ್ದಾತ್ರಿ! ಆರ್ಡರ್ ರದ್ದಾತು! ಈಗ ಫೋನ್ ಬಂತು. ನನ್ನ ಅರ್ಜಿ ಓದ್ಯಾರ್ರಿ ಅವರು! ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ಇರ್ತೀನಿ!”

ಈಗ ನಾನು ಹೇಳಬೇಕಾದದ್ದು ಸುಲಭದ ಮಾತಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಹೋಗಬೇಕಾಗಿದ್ದ ಹೆಣ್ಣುಮಗಳು ಉಳಿದಳು. ನನ್ನ ನಿದ್ದೆ, ನನ್ನ ಸ್ಟಾಪು ಎಲ್ಲ ಉಳಿದವು. ಕುಣಿಯಬೇಕಿತ್ತು ನಾನು. ಆದರೆ ಆ ಕ್ಷಣಕ್ಕೆ ನನ್ನ ಮನಸ್ಸಿನಲ್ಲಿ ಮೂಡಿದ್ದು ಒಂದೇ ಮಾತು: ಅಯ್ಯೋ, ನನ್ನ ಸೂರ್ಯಪಾನ! ಅದು ಮುಖದ ಮೇಲೂ ಮೂಡಿರಬೇಕು. ಬಾಯಿ ಏನೋ “ಭಾಳ ಛಲೋ ಆತು ನೀಲವ್ವಾ” ಎಂದಿತು. ಧ್ವನಿ ಮಾತ್ರ ಸಂತಾಪ ಸೂಚಿಸುವವರದ್ದಾಗಿತ್ತು.

ನೀಲವ್ವ ತಿರುಗಿಸುವುದನ್ನು ನಿಲ್ಲಿಸಿದಳು. “ಯಾಕ್ರೀ ಅಕ್ಕೋರ, ಮಾರಿ ಹಂಗ ಮಾಡೀರಿ? ನಾ ಹೋಗಬೇಕಾಗಿತ್ತೇನ?” ಎಂದವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು.

ಎಲ್ಲರಿಗೂ ರದ್ದಾದ ಸುದ್ದಿ ಕೇಳಿಸಿತ್ತು. ನಗಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈಗವಸುಗಳು ಮಾತ್ರ ಏನೂ ಗೊತ್ತಿಲ್ಲದೆ ಟಾಟಾ ಮಾಡುತ್ತಿದ್ದವು. ನೀಲವ್ವ ನಿಧಾನವಾಗಿ ಮೆಟ್ಟಿಲು ಹತ್ತಿದಳು. ಪರಪರಿ ಮುಟ್ಟಿದಳು. ಒಂದು ಸೂರ್ಯಪಾನದ ಕಪ್ಪು ಉಂಡೆಯನ್ನು ಉಗುರಿನಿಂದ ಸ್ವಲ್ಪ ಬಿಚ್ಚಿ ನೋಡಿ, “ಅಯ್ಯ ಶಿವನ, ನನ್ನ ಟಿಕೀಟು!” ಎಂದಳು. ಆಮೇಲೆ ತೂಗುವ ಅಕ್ಷರಗಳನ್ನು ಒಂದೊಂದಾಗಿ ಓದಿ, ‘ಬೀ’ ಎಂಬಲ್ಲಿಗೆ ಮತ್ತೆ ಬಂದು, ನನ್ನ ಕಡೆ ತಿರುಗಿದಳು.

“ಬೀಜಗಣಿತ?”

“ಹೂಂ,” ಎಂದೆ.

“ಇಷ್ಟ ಚಂದ ಮಾಡ್ತೀರಂತ ಮೊದಲ ಹೇಳಿದ್ರ ನಾ ಹೋಗೇ ಬಿಡ್ತಿದ್ನಲ್ರೀ!”

ಬಸ್ಸು ನಕ್ಕ ನಗೆಗೆ ಸ್ಟ್ಯಾಂಡಿನಲ್ಲಿದ್ದ ಪಾರಿವಾಳಗಳು ಹಾರಿದವು. ಕಾಲೇಜು ಹುಡುಗನೊಬ್ಬ, “ಇವನ್ನ ಬಿಚ್ಚೂಣೇನ್ರಿ?” ಎಂದ. “ಬಿಚ್ಚೀಯ ಜ್ವಾಕಿ!” ಎಂದಳು ನೀಲವ್ವ. “ಯಾಕ ಬಿಚ್ಚಬೇಕ? ಜೀವಮಾನದಾಗ ಒಮ್ಮಿ ನನಗಂತ ಮಾಡ್ಯಾರ. ಹಾರಾ ಹಾಕ್ರಿ, ಶಾಲು ಹೊಚ್ಚರಿ. ಹಿರೇಮಠ ಸರ್, ನೀವು ಕಿಸೇದಾಗ ಏನೋ ಇಟಗೊಂಡೀರಿ, ತಗೀರಿ ಹೊರಗ. ಹೋಗಾವ್ರಿಗೆ ಅಷ್ಟ ಹೊಗಳಬೇಕಂತ ಕಾಯ್ದೆ ಐತೇನ? ಇರಾವ್ರನ್ನೂ ಒಂದ ದಿನ ಹೊಗಳ್ರಿ. ಆದ್ರ ತಡೀರಿ, ಮೊದಲ ಟಿಕೀಟು, ಆಮ್ಯಾಲ ಭಾಷಣ. ರೈಟ್!”

ಬಸ್ಸು ಊರು ದಾಟಿ ಹೊಲಗಳ ನಡುವೆ ಬಿದ್ದಾಗ ಹಿರೇಮಠರು ಒಂದು ಕೈಯಿಂದ ಸರಳು ಹಿಡಿದು, ಇನ್ನೊಂದರಿಂದ ಮಾನಪತ್ರ ಹಿಡಿದು ಎದ್ದು ನಿಂತರು. ಪಾಪ, ಎರಡು ವಾರ ತಿದ್ದಿ ತೀಡಿ ಬರೆದದ್ದೆಲ್ಲ ಭೂತಕಾಲದಲ್ಲಿತ್ತು. “ನೀಲವ್ವನವರು ನಮ್ಮೆಲ್ಲರ ಮನೆಯ ಮಗಳಂತಿದ್ದರು… ಅಲ್ಲಲ್ಲ, ಇದ್ದಾರೆ. ಅವರ ಸೀಟಿಯ ಸದ್ದು ಇನ್ನು ಮುಂದೆ ನಮ್ಮ ನೆನಪಿನಲ್ಲಿ ಮಾತ್ರ… ಕ್ಷಮಿಸ್ರಿ, ದಿನಾ ಮುಂಜಾನೆ ಕೇಳಿಸುತ್ತದೆ. ಅವರಿಲ್ಲದ ಈ ಬಸ್ಸು ದೇವರಿಲ್ಲದ ಗುಡಿ… ಇದನ್ನ ಬಿಡ್ತೀನ್ರಿ.” “ಬಿಡಬ್ಯಾಡ್ರಿ, ಅದನ್ನೂ ಓದ್ರಿ!” ಎಂದಳು ನೀಲವ್ವ, ಸೂರ್ಯಪಾನದ ಹಾರ ಹಾಕಿಕೊಂಡು ತನ್ನ ಸೀಟಿನಲ್ಲಿ ಮದುಮಗಳಂತೆ ಕೂತು. ಪ್ರತಿ ತಗ್ಗಿಗೂ ಹಿರೇಮಠರ ಒಂದೊಂದು ಕ್ರಿಯಾಪದ ಹಾರಿಹೋಗುತ್ತಿತ್ತು.

ನಡುವೆ ಹೊಲದ ಹಾದಿಯಲ್ಲಿ ಕೈ ಮಾಡಿದ ಮುದುಕರೊಬ್ಬರು ಹಸಿ ಕಡಲೆಗಿಡದ ಸಿವುಡು ಬಗಲಲ್ಲಿಟ್ಟುಕೊಂಡು ಹತ್ತಿದರು. ತೂಗುವ ಅಕ್ಷರ ನೋಡಿದರು, ಹಾರ ನೋಡಿದರು, ಟಿಕೀಟಿಗೆಂದು ನೋಟು ಕೊಟ್ಟು, ಸಿವುಡನ್ನೂ ನೀಲವ್ವನ ಮಡಿಲಲ್ಲಿಟ್ಟು, ಕಣ್ಣಲ್ಲಿ ನೀರು ತಂದುಕೊಂಡರು. “ಹೊಂಟೇನ ತಂಗೀ? ನೀ ಹೋದ್ರ ನಮ್ಮಂಥಾ ಮುದುಕರಿಗೆ ಯಾರ ಬಸ್ ನಿಂದರಸ್ತಾರವಾ? ಮನ್ನಿ ಬಂದಿದ್ದಾಂವ ಬದಲಿ ಕಂಡಕ್ಟರು, ಕೈ ಮಾಡಿದ್ರ ಮಾರಿ ತಿರುವಿ ಹ್ವಾದ…” ಎಂದು ಶುರು ಮಾಡಿದರು. ಯಾರೋ ಹೇಳಹೋದರೆ ನೀಲವ್ವ ಬೆರಳಿನಿಂದ ಸುಮ್ಮನಿರಿಸಿದಳು. ಮುದುಕರು ಹೇಳಿದ ಅಷ್ಟೂ ಮಾತನ್ನು ತಲೆ ಬಾಗಿಸಿ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, “ಕಾಕಾ, ಅಳಬ್ಯಾಡ್ರಿ. ನಾ ಹೋಗೂದಿಲ್ಲ, ಸುಮ್ನ ಹೊಗಳಿಸ್ಕೊಳ್ಳಾಕತ್ತೀನಿ,” ಎಂದಳು. ಮುದುಕರು ಒಂದು ಕ್ಷಣ ಅವಳ ಮುಖ ನೋಡಿದರು. “ಹೌದಾ? ಹಂಗಾದ್ರ ಚಿಲ್ರೆ ಕೊಡು,” ಎಂದರು. ಕೊಟ್ಟ ಕಡಲೆಗಿಡವನ್ನು ಮಾತ್ರ ವಾಪಸು ಕೇಳಲಿಲ್ಲ. ಇಡೀ ಬಸ್ಸು ಹಸಿ ಕಡಲೆ ಸುಲಿದು ತಿನ್ನುತ್ತ ಮಾನಪತ್ರದ ಉಳಿದ ಭಾಗ ಕೇಳಿತು. ಅದೇ ಅಲ್ಪೋಪಹಾರ.

ಶಲವಡಿ ಬರುವಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿತ್ತು. ಪರಪರಿ ಅರ್ಧ ಹರಿದು ಹೊಲಗಳ ಪಾಲಾಗಿತ್ತು. ಎರಡು ಸೂರ್ಯಪಾನಗಳು ಕಿಟಕಿಯಿಂದ ಹಾರಿ ಖರೇ ಬೆಳೆಯ ನಡುವೆ ಬಿದ್ದದ್ದನ್ನು ನಾನೇ ನೋಡಿದೆ, ದುಃಖವಾಗಲಿಲ್ಲ, ಗರ್ವವಾಯಿತು. ಜನ ಇಳಿಯುತ್ತಿದ್ದಾಗ ನೀಲವ್ವ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. “ಖರೇ ಹೇಳ್ರಿ ಅಕ್ಕೋರ, ನಾ ಉಳದದ್ದು ಖುಷಿ ಆತೋ ಇಲ್ಲೋ?” ಎಂದಳು. ಕಣ್ಣು ನಗುತ್ತಿದ್ದವು, ಆದರೂ ಕೇಳಿದಳು. “ಆತವಾ. ಒಂದೀಟ ತಡಾ ಆತು ಅಷ್ಟ,” ಎಂದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನೋವಾಗುವಷ್ಟು ಗಟ್ಟಿಯಾಗಿಯೇ ಕೊಟ್ಟಳು. ಆಗ ನನಗೆ ಅಳು ಬಂತು. ಕರವಸ್ತ್ರ ನನಗೇ ಬೇಕಾಯಿತು.

ಎಲ್ಲರೂ ಇಳಿದ ಮೇಲೆ ನಾನು ಉಳಿದ ಹೂಗಳನ್ನು ಬಿಚ್ಚಿಕೊಳ್ಳುತ್ತಿದ್ದೆ. ಇಮಾಮಸಾಬರು ಎಂಜಿನ್ ನಿಲ್ಲಿಸಿ, ಸೀಟಿನಲ್ಲೇ ಅರ್ಧ ತಿರುಗಿ, ಸ್ವಲ್ಪ ನಾಚಿಕೊಂಡು ಹೇಳಿದರು: “ಅಕ್ಕೋರ, ನಂದು ಬರೂ ವರ್ಷ ರಿಟೈರ್ ಐತ್ರಿ. ಅದೇನ ರದ್ದಾಗೂದಿಲ್ಲ ಮತ್ತ.”

“ಅಯ್ಯ, ಇಷ್ಟ ಲಗೂನ ಯಾಕ್ರೀ ಸಾಹೇಬ್ರ! ನೀವು ಹೋದ್ರ ನಮಗ ಹ್ಯಾಂಗ?” ಎಂದಿತು ನನ್ನ ಬಾಯಿ, ಬಹಳ ಮರುಕದಿಂದ. ಕಣ್ಣು ಆಗಲೇ ಡ್ರೈವರ್ ಸೀಟಿನಿಂದ ಹಿಂದಿನ ಗಾಜಿನವರೆಗೆ ಬಸ್ಸಿನ ಅಳತೆ ತೆಗೆದುಕೊಳ್ಳುತ್ತಿತ್ತು.